ಇಪ್ಪತ್ತಮೂರು ವರ್ಷ ತಡವಾಗಿ ಬಂದ ಮಹಾವೀರ ಚಕ್ರ
ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ನೆನಪು

ಕೊಡಗು ನಾಡಿಗೆ ನೀಡಿದ ಸೇನಾನಿಗಳೆಂದರೆ ಕೂಡಲೇ ನೆನಪಾಗುವುದು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ. ಅದೇ ಮಣ್ಣಿನ ಮಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರು ಹೊರನಾಡ ಕನ್ನಡಿಗರಲ್ಲಿ ಇನ್ನೂ ಅಷ್ಟಾಗಿ ಪರಿಚಿತವಲ್ಲ. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪ್ರಾಣ ತೆತ್ತಾಗ ಅವರ ವಯಸ್ಸು ಕೇವಲ 32.

1932ರ ಡಿಸೆಂಬರ್ 24ರಂದು ಜನಿಸಿದ ದೇವಯ್ಯನವರು 1954ರಲ್ಲಿ ವಾಯುಪಡೆಗೆ ಸೇರಿದರು. ಯುದ್ಧ ಆರಂಭವಾಗುವ ಹೊತ್ತಿಗೆ ಅವರು ಕಿರಿಯ ಪೈಲಟ್‌ಗಳಿಗೆ ಪಾಠ ಹೇಳುವ ಅನುಭವಿ ತರಬೇತುದಾರರು. ಯುದ್ಧ ಬಂದಾಗ ಪಂಜಾಬಿನ ಆದಂಪುರದಲ್ಲಿದ್ದ ಒಂದನೇ ಸ್ಕ್ವಾಡ್ರನ್‌ಗೆ ಅವರನ್ನು ನಿಯೋಜಿಸಲಾಯಿತು. ಆ ದಳದಲ್ಲಿದ್ದುದು ಫ್ರಾನ್ಸಿನ ಮಿಸ್ಟೇರ್ ವಿಮಾನಗಳು. ಶತ್ರುನೆಲೆಗಳ ಮೇಲೆ ದಾಳಿ ನಡೆಸುವ ಈ ಫೈಟರ್-ಬಾಂಬರ್‌ಗಳಲ್ಲಿ ಇರುವುದು ಪೈಲಟ್ ಒಬ್ಬನೇ.

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಾಕಿಸ್ತಾನದ ಪ್ರಮುಖ ವಾಯುನೆಲೆ ಸರ್ಗೋಧಾದ ಮೇಲೆ ದಾಳಿ ನಡೆಸಲು ದಳದ ನಾಯಕ ವಿಂಗ್ ಕಮಾಂಡರ್ ಒ. ಪಿ. ತನೇಜಾ ಅವರ ನೇತೃತ್ವದಲ್ಲಿ 12 ವಿಮಾನಗಳು ಸಜ್ಜಾದವು. ದೇವಯ್ಯನವರ ಹೆಸರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾರಾದರೂ ಹಿಂದುಳಿದರೆ ಮಾತ್ರ ಹೊರಡಬೇಕಾದ ಮೀಸಲು ಪೈಲಟ್ ಅವರು. ಒಂದು ವಿಮಾನ ಹಿಂದುಳಿಯಿತು, ದೇವಯ್ಯನವರು ಹೊರಟರು.

ದಾಳಿ ಮುಗಿಸಿ ಮರಳುವ ದಾರಿಯಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವೊಂದು ಎರಗಿತು. ಅಮೆರಿಕ ನಿರ್ಮಿತ ಈ ವಿಮಾನದ ವೇಗ ಶಬ್ದದ ವೇಗದ ಎರಡು ಪಟ್ಟು. ಮಿಸ್ಟೇರ್ ಅದಕ್ಕೆ ಸರಿಸಾಟಿಯೇ ಅಲ್ಲ. ಗುಂಡೇಟು ತಿಂದರೂ ದೇವಯ್ಯನವರು ತಮ್ಮ ವಿಮಾನವನ್ನು ತಿರುಗಿಸಿ ಎದುರು ನಿಂತು ಕಾದಾಡಿದರು. ಸ್ಟಾರ್‌ಫೈಟರ್ ನೆಲಕ್ಕುರುಳಿತು. ಅದರ ಪೈಲಟ್ ಅಮ್ಜದ್ ಹುಸೇನ್ ಹೊರಹಾರಿ ಬದುಕಿಕೊಂಡರು. ದೇವಯ್ಯನವರು ಮರಳಲಿಲ್ಲ.

ಆ ಸೆಣಸಾಟವನ್ನು ಜೊತೆಗಾರರು ಯಾರೂ ಕಂಡಿರಲಿಲ್ಲ. ಹೀಗಾಗಿ ದೇವಯ್ಯನವರ ಹೆಸರು 'ಕಾಣೆಯಾದವರ' ಪಟ್ಟಿಗೆ ಸೇರಿತು. ಮನೆಯವರ ಪಾಲಿಗೆ ಉಳಿದದ್ದು ಆ ಒಂದು ಪದ ಮಾತ್ರ. ಮಗನ, ಗಂಡನ, ತಂದೆಯ ಕೊನೆಯ ಗಳಿಗೆ ಹೇಗಿತ್ತು ಎಂದು ಹೇಳುವವರೇ ಇರಲಿಲ್ಲ.

ಸತ್ಯ ಹೊರಬಂದದ್ದು ಎದುರಾಳಿಯ ಕಡೆಯಿಂದ. ಪಾಕಿಸ್ತಾನದ ವಾಯುಪಡೆಯ ನೆರವಿನಿಂದ ಇಂಗ್ಲೆಂಡಿನ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸ್ಟಾರ್‌ಫೈಟರನ್ನು ಉರುಳಿಸಿದ್ದು ಒಂದು ಮಿಸ್ಟೇರ್ ಎಂಬ ವಿವರವಿತ್ತು. ಅಂದು ಹಿಂದಿರುಗದ ಮಿಸ್ಟೇರ್ ದೇವಯ್ಯನವರದೇ. ದಳದ ನಾಯಕರಾಗಿದ್ದ ತನೇಜಾ ಅವರೂ ದನಿಗೂಡಿಸಿದರು. ಕೊನೆಗೂ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಇದು ಯುದ್ಧಕಾಲದ ಎರಡನೇ ಅತ್ಯುನ್ನತ ಶೌರ್ಯ ಪ್ರಶಸ್ತಿ. ಪದಕವನ್ನು ಅವರ ಪತ್ನಿ ಸ್ವೀಕರಿಸಿದರು. ಅಷ್ಟರಲ್ಲಿ 23 ವರ್ಷಗಳು ಸರಿದಿದ್ದವು.

ಇಂದು ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. 2025ರಲ್ಲಿ ತೆರೆಕಂಡ 'ಸ್ಕೈ ಫೋರ್ಸ್' ಹಿಂದಿ ಚಿತ್ರಕ್ಕೂ ಅವರ ಸಾಹಸವೇ ಸ್ಫೂರ್ತಿ. ಆದರೆ ಚಿತ್ರದ ನಾಯಕನಿಗೆ ಇಟ್ಟದ್ದು ಬೇರೆಯೇ ಹೆಸರು. ಚಿತ್ರ ನೋಡಿದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಆ ವೀರ ಕೊಡಗಿನವರೆಂದು ತಿಳಿದಿದೆ?

ಆಯುಧಗಳನ್ನು ಪೂಜಿಸುವ ಕೊಡವರ ಕೈಲ್‌ಪೊಳ್ದ್ ಹಬ್ಬ ಬರುವುದು ಸೆಪ್ಟೆಂಬರ್ ಮೊದಲ ವಾರದಲ್ಲೇ. ಹೊರನಾಡಿನ ಕೊಡವ ಸಮಾಜಗಳೂ ಕನ್ನಡ ಸಂಘಗಳೂ ಅದೇ ವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಈ ಕಥೆಯನ್ನು ಮಕ್ಕಳಿಗೆ ಹೇಳಬಹುದು. ಹಾರ-ತುರಾಯಿ ಬೇಡ, ದೊಡ್ಡ ಖರ್ಚೂ ಇಲ್ಲ. ನಿಜವಾದ ಹೆಸರು, ನಿಜವಾದ ದಿನಾಂಕ, ನಡೆದದ್ದು ನಡೆದ ಹಾಗೆ - ಇಷ್ಟನ್ನು ಹೇಳಿದರೆ ಸಾಕು. ಇಪ್ಪತ್ತಮೂರು ವರ್ಷ ಸಾಕ್ಷಿಗಾಗಿ ಕಾದ ಆ ಯೋಧನ ಹೆಸರು ನಮ್ಮವರ ನಡುವೆಯೇ ಮತ್ತೊಮ್ಮೆ ಕಾಣೆಯಾಗಬಾರದು.