ಮನೆಯ ಹಲಗೆಯ ಮೇಲೊಂದು ರೈಲು ಹಾದಿ

ಆಟದ ರೈಲು ಎಂದೊಡನೆ ನಮ್ಮ ಕಣ್ಣು ಎಂಜಿನ್ನಿನ ಮೇಲೆ ಬೀಳುತ್ತದೆ. ಅಂಗಡಿಯಲ್ಲಿ ನಾವು ಹೆಚ್ಚು ಹಣ ತೆರುವುದೂ ಅದಕ್ಕೇ. ಮನೆಗೆ ತಂದ ಮೇಲೆ ಬಂಡಿ ತಿರುವಿನಲ್ಲಿ ಉರುಳಿದರೆ, ನಡುದಾರಿಯಲ್ಲಿ ಸುಮ್ಮನೆ ನಿಂತರೆ, ದೂರು ಹೊರುವುದೂ ಎಂಜಿನ್ನೇ. ಆದರೆ ತಾಳ್ಮೆಯಿಂದ ನೋಡಿದರೆ ಬಹುಪಾಲು ತಪ್ಪು ಹಳಿಯದು. ಅದರಲ್ಲೂ ಎಷ್ಟೋ ತಪ್ಪು ಹಳಿ ಹಾಸುವ ಮುನ್ನ ಕಾಗದದ ಮೇಲೆಯೇ ಆಗಿಹೋಗಿರುತ್ತದೆ. ಇದು ತಿಳಿಯದ ಹುಡುಗ ಹತ್ತು ದಿನ ಬಂಡಿಯನ್ನು ಎತ್ತಿ ಎತ್ತಿ ಇಟ್ಟು, ಹನ್ನೊಂದನೆಯ ದಿನ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕುತ್ತಾನೆ. ಸುರಿದ ಹಣ ಹೋಗಲಿ, ಆ ಉತ್ಸಾಹ ಮತ್ತೆ ಬರುವುದು ಕಷ್ಟ.

ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್.ಒ. ಎಂಬುದು; ನಿಜವಾದ ರೈಲಿನ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇದು 1435 ಮಿ.ಮೀ. ಅಗಲದ ವಿದೇಶೀ ಹಾದಿಗೆ ಹೊಂದುವ ಲೆಕ್ಕ. ನಮ್ಮ 1676 ಮಿ.ಮೀ. ಬ್ರಾಡ್‌ಗೇಜಿಗೆ ಅದು 19 ಮಿ.ಮೀ. ದಾಟಬೇಕು. ಆದರೂ ನಮ್ಮ ಬಂಡಿಗಳ ಮಾದರಿಗಳನ್ನು ಸಾಮಾನ್ಯವಾಗಿ ಸಿದ್ಧ ಹಳಿಯ ಮೇಲೇ ಓಡಿಸುತ್ತಾರೆ. ಇದನ್ನು ಹಿಡಿದು ಜಗಳ ಮಾಡುವವರಿದ್ದಾರೆ. ಹೊಸಬರು ಅದರ ಗೊಡವೆಗೆ ಹೋಗಬೇಕಾಗಿಲ್ಲ.

ಎಂಟಡಿ ಉದ್ದ ನಾಲ್ಕಡಿ ಅಗಲದ ಒಂದು ಪ್ಲೈವುಡ್ ಹಲಗೆ ನಿಮ್ಮಲ್ಲಿದೆ ಎಂದಿಟ್ಟುಕೊಳ್ಳಿ. ಅದರ ಮೇಲೆ ಏನು ಹಿಡಿಸುತ್ತದೆ? ತಿರುವಿನ ತ್ರಿಜ್ಯ 18 ಅಂಗುಲವಾದರೆ ವೃತ್ತದ ಅಡ್ಡಳತೆ 36 ಅಂಗುಲ. ಎರಡು ಪಕ್ಕದಲ್ಲೂ ಆರಾರು ಅಂಗುಲ ಉಳಿಯುತ್ತದೆ. ಇಲ್ಲಿ ಸಣ್ಣ ಎಂಜಿನ್ನು, ಸರಕಿನ ಡಬ್ಬಿಗಳು ಸುಖವಾಗಿ ಓಡುತ್ತವೆ. ಆದರೆ ನಮ್ಮ ಹಳೆಯ ನೀಲಿ ಐ.ಸಿ.ಎಫ್. ಬೋಗಿ 21 ಮೀಟರಿಗೂ ತುಸು ಉದ್ದ. ಮಾದರಿಯಲ್ಲಿ ಅದು ಒಂಬತ್ತೂವರೆ ಅಂಗುಲ ಮೀರುತ್ತದೆ. ತಿರುವಿನ ತ್ರಿಜ್ಯ ಅತಿ ಉದ್ದದ ಬೋಗಿಯ ಮೂರರಷ್ಟಾದರೂ ಇರಲಿ ಎಂಬುದು ಹವ್ಯಾಸಿಗಳ ರೂಢಿ. ಹಾಗಾದರೆ 29 ಅಂಗುಲ ತ್ರಿಜ್ಯ, ಐದಡಿ ಅಗಲದ ಹಲಗೆ ಬೇಕು. ನಾಲ್ಕಡಿಯಲ್ಲಿ ಉದ್ದ ಬೋಗಿ ಓಡಿದರೂ ಓಡೀತು. ಮೂಲೆಗಳು ಹೊರಕ್ಕೆ ಚಾಚಿ, ಕೊಂಡಿಗಳು ಒಂದನ್ನೊಂದು ಜಗ್ಗಿ, ಕೊನೆಗೆ ಹಗುರವಾದದ್ದು ಉರುಳುತ್ತದೆ.

ಹಾದಿ ತನ್ನ ಮೇಲೆ ತಾನೇ ಸೇತುವೆಯಾಗಿ ಹಾಯಲಿ ಎಂಬ ಆಸೆ ಎಲ್ಲರಿಗೂ ಇರುತ್ತದೆ. ಲೆಕ್ಕ ಹಾಕಿ ನೋಡಿ. ಮೇಲಿನ ಹಳಿ ಕೆಳಗಿನದಕ್ಕಿಂತ ಕನಿಷ್ಠ ಮೂರು ಅಂಗುಲ ಎತ್ತರದಲ್ಲಿರಬೇಕು. ಐವತ್ತಕ್ಕೆ ಒಂದರಂತೆ ಏರಿದರೆ ಏರಲು ಹನ್ನೆರಡೂವರೆ ಅಡಿ, ಇಳಿಯಲು ಮತ್ತೆ ಹನ್ನೆರಡೂವರೆ ಅಡಿ. ಮೇಲೆ ಹೇಳಿದ ಹಲಗೆಯ ಸುತ್ತು ಹಾದಿಯ ಒಟ್ಟು ಉದ್ದವೇ ಹದಿನೇಳೂವರೆ ಅಡಿಯ ಒಳಗೆ! ಏರನ್ನು ಕಡಿದಾಗಿಸಿದರೆ ಎಂಜಿನ್ನು ಎರಡು ಡಬ್ಬಿಗಳನ್ನೂ ಎಳೆಯಲಾರದೆ ಚಕ್ರ ತಿರುಗಿಸುತ್ತ ನಿಲ್ಲುತ್ತದೆ. ಸೇತುವೆಯನ್ನು ಮರೆಯುವುದೇ ಲೇಸು.

ಇನ್ನೊಂದು ಮಾತು. ಹಲಗೆಯನ್ನು ಗೋಡೆಗೆ ಒತ್ತಿ ಇಟ್ಟರೆ ಆಚೆ ಅಂಚಿನಲ್ಲಿ ಬಿದ್ದ ಬಂಡಿಗೆ ಕೈ ಎಟುಕದು. ಜಾಗ ಕಡಿಮೆಯಿರುವ ಮನೆಯವರು ಸುತ್ತು ಹಾದಿಯ ಹಟವನ್ನೇ ಬಿಡಬಹುದು. ಇಂಗ್ಲೆಂಡಿನ ಅಲನ್ ರೈಟ್ ಎಂಬ ಹವ್ಯಾಸಿ ರೂಪಿಸಿದ ‘ಇಂಗಲ್‌ನುಕ್’ ಎಂಬ ನಕ್ಷೆಗೆ ಎರಡೇ ಪಾಯಿಂಟುಗಳು ಸಾಕು. ಐದು, ಮೂರು, ಮೂರು ಡಬ್ಬಿ ಹಿಡಿಯುವ ಮೂರು ಕವಲುಗಳು. ಎಂಜಿನ್ನು ಹಿಂದೆ ಮುಂದೆ ಆಡಲು ಅದೂ ಮೂರು ಡಬ್ಬಿಗಳೂ ಹಿಡಿಯುವಷ್ಟು ಹಳಿ. ಎಂಟು ಡಬ್ಬಿಗಳಲ್ಲಿ ಐದನ್ನು ಚೀಟಿ ಎತ್ತಿ, ಬಂದ ಕ್ರಮದಲ್ಲೇ ಜೋಡಿಸಬೇಕು. ಐದಾರು ಅಡಿ ಉದ್ದ, ಒಂದಡಿ ಅಗಲದ ಹಲಗೆಯಲ್ಲಿ ಸಂಜೆಯೆಲ್ಲ ಕಳೆಯುವ ಆಟ. ಗಿರಗಿರನೆ ಸುತ್ತುವ ರೈಲಿಗಿಂತ ಇದೇ ಮೇಲೆಂದು ನನ್ನ ಅಭಿಪ್ರಾಯ.

ಈಗ ವಿದ್ಯುತ್ತಿನ ಮಾತು. ಎರಡು ಹಳಿಗಳ ಪದ್ಧತಿಯಲ್ಲಿ ಎಂಜಿನ್ನಿಗೆ ವಿದ್ಯುತ್ತು ಒಂದು ಹಳಿಯಿಂದ ಬಂದು ಇನ್ನೊಂದರಿಂದ ಮರಳುತ್ತದೆ. ನಕ್ಷೆ ಬರೆಯುವಾಗ ಒಂದು ಹಳಿಯನ್ನು ಕೆಂಪು ಸೀಸದಲ್ಲೂ ಇನ್ನೊಂದನ್ನು ನೀಲಿಯಲ್ಲೂ ಎಳೆಯುತ್ತ ಹೋಗಿ. ಎಲ್ಲಿಯಾದರೂ ಕೆಂಪು ಗೆರೆ ನೀಲಿಗೆ ಬಂದು ಸೇರಿತೋ, ಅಲ್ಲಿ ಷಾರ್ಟ್ ಸರ್ಕಿಟ್ ಕಾದಿದೆ. ಬಂಡಿ ಕುಣಿಕೆಯಂತೆ ಸುತ್ತಿ ಬಂದ ದಾರಿಗೇ ಮರಳುವಲ್ಲಿ, ಸುತ್ತು ಹಾದಿಯ ನಡುವೆ ಓರೆಯಾಗಿ ಹಾಯುವ ಅಡ್ಡದಾರಿಯಲ್ಲಿ, ಇದು ಆಗಿಯೇ ಆಗುತ್ತದೆ. ಎಷ್ಟೋ ಮಂದಿ ಹಳಿಯೆಲ್ಲ ಮೊಳೆ ಹೊಡೆದು ಮುಗಿಸಿದ ಮೇಲೆ ಇದನ್ನು ಕಂಡು ತಲೆಯ ಮೇಲೆ ಕೈಹೊತ್ತು ಕೂಡುತ್ತಾರೆ. ಪರಿಹಾರ ಕಷ್ಟದ್ದಲ್ಲ: ಆ ಭಾಗದ ಎರಡು ತುದಿಗಳಲ್ಲೂ ಎರಡು ಹಳಿಗಳನ್ನೂ ಪ್ಲಾಸ್ಟಿಕ್ ಕೀಲಿನಿಂದ ಬೇರ್ಪಡಿಸಿ, ಧನ ಋಣಗಳನ್ನು ಅದಲುಬದಲು ಮಾಡುವ ಸ್ವಿಚ್ಚಿನ ಮೂಲಕ ಅದಕ್ಕೆ ಬೇರೆ ತಂತಿ ಕೊಡಬೇಕು. ಬೇರ್ಪಟ್ಟ ಭಾಗ ನಿಮ್ಮ ಅತಿ ಉದ್ದದ ರೈಲಿಗಿಂತ ಉದ್ದವಿರಲಿ.

ಹಳಿಯ ಲೋಹಕ್ಕೆ ‘ನಿಕ್ಕಲ್ ಸಿಲ್ವರ್’ ಎಂದು ಹೆಸರಿದ್ದರೂ ಅದರಲ್ಲಿ ಬೆಳ್ಳಿಯ ಕಣವೂ ಇಲ್ಲ. ತಾಮ್ರ, ನಿಕ್ಕಲ್, ಸತುಗಳ ಬೆರಕೆ. ನಮ್ಮ ಮನೆಗಳ ಜರ್ಮನ್ ಸಿಲ್ವರ್ ತಟ್ಟೆ ದೀಪಗಳ ಲೋಹವೇ. ವಿದ್ಯುತ್ತನ್ನು ಸಾಗಿಸುವಲ್ಲಿ ಇದು ತಾಮ್ರದ ಹತ್ತರಲ್ಲೊಂದು ಪಾಲಿಗೂ ಬಾರದು. ಜೊತೆಗೆ ಕೀಲುಗಳು ಸಡಿಲಾದರೆ ದೂರದ ತುದಿಯಲ್ಲಿ ರೈಲು ಮುಗ್ಗರಿಸುತ್ತದೆ. ಹಲಗೆಯ ಕೆಳಗೆ ದಪ್ಪ ತಾಮ್ರದ ತಂತಿ ಎಳೆದು, ಮೂರು ನಾಲ್ಕು ಅಡಿಗೊಮ್ಮೆ ಹಳಿಗೆ ಬೆಸುಗೆ ಹಾಕಿ.

ಇಷ್ಟಾದರೂ ತೊಂದರೆ ಬಂದೀತು. ಆಗ ಸ್ಕ್ರೂಡ್ರೈವರ್ ಹಿಡಿದು ಎಂಜಿನ್ನನ್ನು ಬಿಚ್ಚಬೇಡಿ. ಒಂದೇ ಡಬ್ಬಿ ಎಲ್ಲ ಕಡೆಯೂ ಬೀಳುತ್ತಿದೆಯೋ, ಎಲ್ಲ ಡಬ್ಬಿಗಳೂ ಒಂದೇ ಕಡೆ ಬೀಳುತ್ತಿವೆಯೋ ಎಂದು ನೋಡಿ. ಮೊದಲನೆಯದಾದರೆ ಚಕ್ರದ ದೋಷ. ಜೋಡಿ ಚಕ್ರಗಳ ಒಳ ಅಂತರವನ್ನು ಅಳೆಯಿರಿ, ಅದು ಹದಿನಾಲ್ಕೂವರೆ ಮಿ.ಮೀ. ಆಸುಪಾಸಿನಲ್ಲಿರಬೇಕು. ಎರಡನೆಯದಾದರೆ ಹಳಿಯ ದೋಷ. ಆ ಜಾಗಕ್ಕೆ ಕಣ್ಣನ್ನು ತಗ್ಗಿಸಿ, ಒಂಟಿ ಡಬ್ಬಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಹಳಿಯ ತುದಿ ಕೀಲಿನ ಒಳಗೆ ಹೋಗದೆ ಅದರ ಮೇಲೇರಿ ಕುಳಿತಿರುವುದು ತೀರ ಸಾಮಾನ್ಯವಾದ ತಪ್ಪು. ಹಳಿಯ ಒಳ ಅಂಚಿನಲ್ಲಿ ಉಗುರನ್ನು ಎಳೆದರೆ ತಡೆ ಸಿಕ್ಕುತ್ತದೆ. ಪಾಯಿಂಟಿನಲ್ಲಾದರೆ ಸರಿಯುವ ಹಳಿ ಪೂರ್ತಿ ಅಂಟಿದೆಯೇ, ನಡುವೆ ಜಲ್ಲಿಯ ಹರಳು ಸಿಕ್ಕಿದೆಯೇ ನೋಡಿ. ಎಡತಿರುವಿನ ಬೆನ್ನಿಗೇ ಬಲತಿರುವು ಬಂದಲ್ಲಿ ಬಂಡಿ ಬೀಳುತ್ತಿದ್ದರೆ, ನಡುವೆ ಒಂದು ಬೋಗಿಯ ಉದ್ದದಷ್ಟು ನೇರ ಹಳಿ ಸೇರಿಸದೆ ಬೇರೆ ಮದ್ದಿಲ್ಲ.

ರೈಲು ಬೀಳದೆ ನಿಂತುಬಿಟ್ಟರೆ ಮೊದಲು ಹಳಿ ಒರೆಸಿ. ಉಪ್ಪುಕಾಗದದಿಂದ ತಿಕ್ಕಬೇಡಿ; ಅದರ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂಡುತ್ತದೆ. ಬಿಳಿ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ, ಕಿಟಕಿ ತೆರೆದಿಟ್ಟು, ಹತ್ತಿರ ಬೆಂಕಿಯಿಲ್ಲದಂತೆ ನೋಡಿಕೊಂಡು ಒರೆಸಿದರೆ ಸಾಕು. ಆಮೇಲೂ ನಿಂತರೆ ಮೀಟರಿನಿಂದ ಕೀಲಿನ ಈಚೆ ಆಚೆ ವೋಲ್ಟೇಜು ನೋಡಿ. ಎಲ್ಲಿ ಇಳಿಯಿತೋ ಆ ಕೀಲೇ ಕಳ್ಳ. ಗಿಡ್ಡ ಎಂಜಿನ್ನು ಪಾಯಿಂಟಿನ ನಡುವೆ ಮಾತ್ರ ನಿಂತರೆ, ಅಲ್ಲಿನ ಪ್ಲಾಸ್ಟಿಕ್ ತುಂಡು ಅದಕ್ಕೆ ವಿದ್ಯುತ್ತು ಸಿಗದಂತೆ ಮಾಡಿದೆ. ಅಂಥ ಕಡೆ ಲೋಹದ ತುಂಡಿರುವ ಪಾಯಿಂಟನ್ನು ಹಾಕಿ, ಅದಕ್ಕೆ ಪಾಯಿಂಟಿನೊಡನೆ ತಿರುಗುವ ಸ್ವಿಚ್ಚಿನಿಂದ ತಂತಿ ಕೊಡಬೇಕಾಗುತ್ತದೆ.

ಕರಾವಳಿಯ ಕಡೆಯವರಿಗೆ ಒಂದು ಎಚ್ಚರಿಕೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಹಳಿಯೂ ಬಿಸಿಲಿಗೆ ಬೆಳೆಯುತ್ತದೆ. ಹಲಗೆಯ ಎರಡು ಮುಖಕ್ಕೂ ಅಂಚಿಗೂ ಬಣ್ಣ ಬಳಿದು, ಕೆಲವು ಕೀಲುಗಳನ್ನು ಬೆಸೆಯದೆ ಕಾಗದದ ದಪ್ಪದಷ್ಟು ಸಂದು ಬಿಟ್ಟಿರಿ.