ನಿಮಗಿದು ಗೊತ್ತೆ? ಮೇಲ್ಛಾವಣಿ ಮಡಚುವ ಕಾರಿನಲ್ಲಿ ದೂರದ ಪಯಣ

ಧರ್ಮಸ್ಥಳಕ್ಕೆ ಹೋದವರು ದರ್ಶನ, ಊಟ ಮುಗಿಸಿ ಬಸ್ ಹತ್ತುವುದೇ ಹೆಚ್ಚು. ಆದರೆ ಅಲ್ಲೊಂದು ಹಳೆಯ ಕಾರುಗಳ ಸಂಗ್ರಹಾಲಯವಿದೆ. ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಆಸ್ಥೆಯ ಫಲ ಅದು. ಖಂಡಿತ ನೋಡಬೇಕು.

ಹಳೆಯ ಕಾರುಗಳೆಂದರೆ, ಮೊದಮೊದಲ ಕಾರುಗಳಿಗೆ ಮೇಲ್ಛಾವಣಿಯೇ ಇರಲಿಲ್ಲ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ 100 ಕಿ.ಮೀ.ಗೂ ಹೆಚ್ಚು ದೂರ ಹೋದದ್ದು ಅಂಥ ಮೂರು ಚಕ್ರದ ಗಾಡಿಯಲ್ಲಿ. ದಾರಿಯಲ್ಲಿ ಇಂಧನ ಕೊಂಡದ್ದು ಔಷಧದಂಗಡಿಯಲ್ಲಿ! ಕಾರಿನಲ್ಲಿ ನಡೆದ ಮೊದಲ ದೂರಪಯಣವೆಂದು ಇದನ್ನೇ ಹೇಳುತ್ತಾರೆ.

ಈಗಿನ, ಛಾವಣಿ ಮಡಚುವ ಎರಡೇ ಸೀಟಿನ ತೆರೆದ ಕಾರಿನಲ್ಲಿ ಗಾಳಿ ಮುಖಕ್ಕಿಂತ ಹೆಚ್ಚಾಗಿ ಕುತ್ತಿಗೆಯ ಹಿಂಭಾಗಕ್ಕೆ ಬಡಿಯುತ್ತದೆ. ಮುಂದಿನ ಗಾಜಿನ ಮೇಲಿಂದ ಹಾರಿದ ಗಾಳಿ ಸೀಟುಗಳ ಹಿಂದೆ ಸುಳಿಯಾಗಿ ಮರಳುವುದೇ ಕಾರಣ. ಸೀಟಿನ ಹಿಂದೆ ಬಲೆಯ ತಡೆ ಹಾಕುವುದು ಅದಕ್ಕಾಗಿ. ಅನೇಕ ಮಾದರಿಗಳಲ್ಲಿ ಮಡಚಿದ ಛಾವಣಿ ಡಿಕ್ಕಿಯ ಜಾಗವನ್ನೇ ನುಂಗುವುದರಿಂದ ಸಾಮಾನು ಕಡಿಮೆ ಇರಲಿ.

ಇಂಥ ಕಾರಿಗೆ ನಮ್ಮಲ್ಲೇ ಸೊಗಸಾದ ದಾರಿಯುಂಟು. ಸಾವಿರ ಕಂಬದ ಬಸದಿಯ ಮೂಡುಬಿದಿರೆ, 1604ರ ಬಾಹುಬಲಿ ನಿಂತಿರುವ ವೇಣೂರು, ಬೆಳ್ತಂಗಡಿ, ಉಜಿರೆ, ಕೊನೆಗೆ ಚಾರ್ಮಾಡಿ ಘಾಟಿ. ಬಂಟ್ವಾಳದ ಕಡೆಯಿಂದ ಬರುವ ರಾಷ್ಟ್ರೀಯ ಹೆದ್ದಾರಿ 73 ಕೂಡ ಈ ಘಾಟಿಯನ್ನೇ ಏರುತ್ತದೆ. ಮಳೆಗಾಲ ಮಾತ್ರ ಬೇಡ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಇಲ್ಲಿ ಸಂಚಾರವೇ ನಿಂತಿತ್ತು. ಡಿಸೆಂಬರ್, ಜನವರಿಯ ಬೆಳಗು ಒಳ್ಳೆಯದು. ಹತ್ತು ಗಂಟೆಯ ನಂತರ ಕರಾವಳಿಯ ಬಿಸಿಲಿಗೆ ಛಾವಣಿ ಮುಚ್ಚಲೇಬೇಕು.