ಮಾಸ್ಕ್ ಕೇಳಿದವರ ಮಾನಸಿಕ ತಪಾಸಣೆ

ವೈದ್ಯರಿಗೆ ಎನ್-95 ಮಾಸ್ಕ್, ಪಿಪಿಇ ಕಿಟ್ ಸಾಕಷ್ಟಿಲ್ಲ ಎಂದು ಕೋವಿಡ್ ಹರಡುತ್ತಿದ್ದ 2020ರ ಏಪ್ರಿಲ್‌ನಲ್ಲಿ ಬಹಿರಂಗವಾಗಿ ದೂರಿದವರು ಡಾ. ಸುಧಾಕರ್, ಆಗ ವಿಶಾಖಪಟ್ಟಣ ಜಿಲ್ಲೆಯಲ್ಲಿದ್ದ ನರ್ಸೀಪಟ್ಟಣಂ ಸರ್ಕಾರಿ ಆಸ್ಪತ್ರೆಯ ಅರಿವಳಿಕೆ ತಜ್ಞರು. ಉಗ್ರಾಣದ ಬಾಗಿಲು ತೆಗೆದು ಎಣಿಸಿದರೆ ನಿಜವೋ ಸುಳ್ಳೋ ಗೊತ್ತಾಗಿಬಿಡುವ ದೂರು ಅದು. ಕೆಲವೇ ದಿನಗಳಲ್ಲಿ ಅವರು ಅಮಾನತಾದರು. ಮೇ 16ರಂದು ವಿಶಾಖಪಟ್ಟಣದ ಹೆದ್ದಾರಿಯಲ್ಲಿ, ಮೈಮೇಲೆ ಅಂಗಿಯಿಲ್ಲದ ಅವರ ಕೈಗಳನ್ನು ಪೊಲೀಸರು ಬೆನ್ನ ಹಿಂದೆ ಕಟ್ಟಿ ಎಳೆದೊಯ್ಯುವ ದೃಶ್ಯವನ್ನು ದೇಶವೇ ನೋಡಿತು. ಅಲ್ಲಿಂದ ಕಿಂಗ್ ಜಾರ್ಜ್ ಆಸ್ಪತ್ರೆ, ಬಳಿಕ ಸರ್ಕಾರಿ ಮಾನಸಿಕ ಆಸ್ಪತ್ರೆ.

ಸೇಡು ಅಂದರೆ ಬರೀ ಲಾಠಿಯಲ್ಲ, ಪ್ರಶ್ನೆಯನ್ನೇ ಬದಲಿಸಿಬಿಡುವ ಕಲೆ ಅದು. ಮಾಸ್ಕ್ ಎಷ್ಟಿವೆ ಎಂಬ ಪ್ರಶ್ನೆ, ಹೀಗೆ ಮಾತಾಡಲು ಇವರಿಗೆ ಅಧಿಕಾರ ಕೊಟ್ಟವರು ಯಾರು ಎಂದಾಯಿತು. ಆಮೇಲೆ ಇವರ ಹಿಂದೆ ಯಾವ ಪಕ್ಷವಿದೆ ಎಂದಾಯಿತು, ಕೊನೆಗೆ ಇವರ ತಲೆ ಸರಿಯಿದೆಯೇ ಎಂದಾಯಿತು. ಅಮಾನತಿಗೆ ಸೇವಾ ನಿಯಮವಿದೆ, ಬಂಧನಕ್ಕೆ ದಂಡಸಂಹಿತೆ, ಮಾನಸಿಕ ಆಸ್ಪತ್ರೆಗೆ ವೈದ್ಯರ ಚೀಟಿ. ಬಿಡಿಬಿಡಿಯಾಗಿ ನೋಡಿದರೆ ಎಲ್ಲಕ್ಕೂ ಕಾಗದವಿದೆ. ಸಾಲಾಗಿ ಇಟ್ಟು ನೋಡಿದಾಗಲೇ ಉದ್ದೇಶ ಕಾಣುವುದು.

ಸರ್ಕಾರಿ ನೌಕರ ಬೀದಿಯಲ್ಲಿ ನಿಂತು ಸರ್ಕಾರವನ್ನು ದೂರಬಹುದೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು, ನಡತೆ ನಿಯಮಗಳು ಅದನ್ನು ನಿರ್ಬಂಧಿಸುತ್ತವೆ. ಅವರು ರಸ್ತೆಯಲ್ಲಿ ಗಲಾಟೆ ಮಾಡುತ್ತಿದ್ದರು ಎಂಬುದು ಪೊಲೀಸರ ವಾದ. ಎರಡನ್ನೂ ಒಪ್ಪೋಣ. ಆದರೂ ಶಿಸ್ತುಕ್ರಮ ಉಗ್ರಾಣದ ಲೆಕ್ಕಕ್ಕೆ ಉತ್ತರವಾಗದು, ಗಲಾಟೆ ಕೈಕಟ್ಟಿ ಹೊಡೆಯಲು ಪರವಾನಗಿಯಾಗದು. ಹೊಡೆದ ಕಾನ್‌ಸ್ಟೆಬಲ್‌ನನ್ನು ಇಲಾಖೆಯೇ ಅಮಾನತು ಮಾಡಿತು. ಆಂಧ್ರಪ್ರದೇಶ ಹೈಕೋರ್ಟ್ ಮ್ಯಾಜಿಸ್ಟ್ರೇಟರನ್ನು ಕಳುಹಿಸಿ ಹೇಳಿಕೆ ಪಡೆಯಿತು. ಮ್ಯಾಜಿಸ್ಟ್ರೇಟರಿಗೆ ಆರು ಗಾಯಗಳು ಕಂಡಿದ್ದವು, ಸರ್ಕಾರದ ವರದಿಗೆ ಕಂಡದ್ದು ಅದಕ್ಕಿಂತ ಕಡಿಮೆ! ಮೇ 22ರಂದು ತನಿಖೆ ಸಿಬಿಐಗೆ ಹೋಯಿತು. ಕೋರ್ಟಿಗೆ ಹೋಗಬಹುದಲ್ಲ ಎನ್ನುವವರು ಇದನ್ನೇ ತೋರಿಸುತ್ತಾರೆ. ಆದರೆ ಆ ಬಾಗಿಲು ತೆರೆದದ್ದು ವಿಡಿಯೊ ಹರಡಿದ್ದರಿಂದ. ಯಾರೂ ಚಿತ್ರೀಕರಿಸದ ಅಮಾನತು, ವರ್ಗಾವಣೆಗಳೇ ಹೆಚ್ಚು.

2021ರ ಏಪ್ರಿಲ್ 30ರಂದು, ಆಮ್ಲಜನಕ, ಹಾಸಿಗೆ ಸಿಗದೆ ಜಾಲತಾಣದಲ್ಲಿ ಗೋಳು ಹೇಳಿಕೊಂಡವರ ಬಾಯಿ ಮುಚ್ಚಿಸಿದರೆ ನ್ಯಾಯಾಂಗ ನಿಂದನೆ ಎಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳನ್ನು ಎಚ್ಚರಿಸಿತು. ಮರುತಿಂಗಳು ಸುಧಾಕರ್ ಹೃದಯಾಘಾತದಿಂದ ತೀರಿಕೊಂಡರು. ಅಕ್ರಮ ಬಯಲಿಗೆಳೆಯುವವರ ರಕ್ಷಣೆಗೆ ಸಂಸತ್ತು 2014ರಲ್ಲಿ ಒಪ್ಪಿದ ಕಾಯ್ದೆ ವರ್ಷಗಳೇ ಕಳೆದರೂ ಜಾರಿಗೆ ಬರಲಿಲ್ಲ. ಬಂದಿದ್ದರೂ ಅದು ಕಾಯುವುದು ಗೊತ್ತುಪಡಿಸಿದ ಅಧಿಕಾರಿಗೆ ಭ್ರಷ್ಟಾಚಾರದಂಥ ಅಪರಾಧವನ್ನು ತಿಳಿಸಿದವರನ್ನು. ಮಾಸ್ಕ್ ಸಾಲದು ಎಂದು ಪತ್ರಕರ್ತರ ಮುಂದೆ ಹೇಳಿದ ವೈದ್ಯರಿಗೆ ಅದರಲ್ಲಿ ಜಾಗವಿಲ್ಲ.